ಔಷಧೀಯ ಸಸ್ಯಗಳಲ್ಲಿ ಕ್ಯಾನ್ಸರ್ ನಿರೋಧಕ ಅಂಶಗಳನ್ನು ಶೋಧಿಸುವ ಕ್ರಮ

ಸಸ್ಯಶಾಸ್ತ್ರಜ್ಞರಿಂದ ಪ್ರಭೇದವನ್ನು ದೃಢಪಡಿಸಿಕೊಂಡು, ಒಣಗಿಸಿದ ಮಾದರಿಯೊಂದನ್ನು ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹಾಲಯದಲ್ಲಿ, ಸಂಖ್ಯೆಯೊಡನೆ ಇರಿಸದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬಳಿಕ ಎಲೆ, ತೊಗಟೆ ಅಥವಾ ಬೇರನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಮೆಥನಾಲಿನಲ್ಲಿ ನೆನೆಸಿ ಸೋಸಿ, ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿಯಾಗಿಸಿ ಸಾರವನ್ನು ಪಡೆಯಿರಿ.

ಈ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿ, ಎಷ್ಟು ಕೋಶಗಳು ಬದುಕುಳಿದಿವೆ ಎಂಬುದನ್ನು ಎಂಟಿಟಿ ಪರೀಕ್ಷೆಯಿಂದ ಅಳೆಯಿರಿ. ಅದರಲ್ಲಿ ಜೀವಂತ ಕೋಶಗಳು ಎಂಟಿಟಿ ಎಂಬ ಹಳದಿ ಲವಣವನ್ನು ನೇರಳೆ ಬಣ್ಣದ ಫಾರ್ಮಜಾನ್ ಆಗಿ ಬದಲಿಸುತ್ತವೆ. ಆದರೆ ಸಸ್ಯದ ಫಿನಾಲಿಕ್ ಅಂಶಗಳು ಕೋಶಗಳ ನೆರವಿಲ್ಲದೆಯೂ ಇದೇ ಬದಲಾವಣೆಯನ್ನು ತರಬಲ್ಲವಾದ್ದರಿಂದ, ಪರೀಕ್ಷಾ ಫಲಕದ ಕೋಶಗಳಿಲ್ಲದ ಗುಳಿಗಳಲ್ಲಿಯೂ ಸಾರವನ್ನು ಪರೀಕ್ಷಿಸುವುದು ಅನಿವಾರ್ಯ. ಇದನ್ನು ಕೈಬಿಟ್ಟ ಫಲಿತಾಂಶವನ್ನು ನಾನು ನಂಬುವುದಿಲ್ಲ. ಸಾರವನ್ನು ಕರಗಿಸಲು ಬಳಸುವ ದ್ರಾವಕವಾದ ಡಿಎಂಎಸ್‌ಒ ಕೂಡ ಕೋಶಗಳಿಗೆ ಹಾನಿಕರ. ಅದರ ಅಂತಿಮ ಪ್ರಮಾಣ ಶೇ. 0.5ನ್ನು ಮೀರದಿರಲಿ.

ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕಿಳಿಸುವ ಸಾಂದ್ರತೆ, ಅಂದರೆ ಐಸಿ50, ಮಿಲಿಲೀಟರಿಗೆ 20 ಮೈಕ್ರೋಗ್ರಾಂನೊಳಗಿದ್ದರೆ ಕಚ್ಚಾ ಸಾರವು ಭರವಸೆಯದೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆರೋಗ್ಯವಂತ ಕೋಶಗಳ ಮೇಲೂ ಅದೇ ಪರೀಕ್ಷೆಯನ್ನು ನಡೆಸಿ. ಎರಡನ್ನೂ ಸಮನಾಗಿ ಕೊಲ್ಲುವುದು ಬರಿಯ ವಿಷ.

ಅನಂತರ ಸಾರವನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಕ್ರೊಮಟೋಗ್ರಫಿ ವಿಧಾನದಿಂದ ವಿಭಾಗಿಸುತ್ತ, ಪ್ರತಿ ಭಾಗವನ್ನೂ ಮರುಪರೀಕ್ಷಿಸಿ, ಸಕ್ರಿಯವಾದುದನ್ನಷ್ಟೇ ಮುಂದಕ್ಕೊಯ್ಯಬೇಕು. ಇದು ದೀರ್ಘ ಹಂತ: 1962ರಲ್ಲಿ ಸಂಗ್ರಹಿಸಿದ ಪೆಸಿಫಿಕ್ ಯೂ ಮರದ ತೊಗಟೆಯಿಂದ ದೊರೆತ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್‌ನ ರಚನೆ ಪ್ರಕಟವಾದದ್ದು 1971ರಲ್ಲಿ. ಈಗಾಗಲೇ ತಿಳಿದಿರುವ ಸಂಯುಕ್ತವನ್ನೇ ಮತ್ತೆ ಬೇರ್ಪಡಿಸುತ್ತಿಲ್ಲವೆಂಬುದನ್ನು ಅಣುಗಳ ತೂಕವನ್ನು ಅಳೆದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳಿ.