ಕಂಪ್ಯೂಟರ್ ಸ್ತಬ್ಧವಾದರೆ ಮೊದಲು ವೇಗವನ್ನು ಕಟ್ಟಿಹಾಕಿ

ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಡ್ರೈಯರ್‌ನ ಉಷ್ಣತೆ ದಾಖಲಿಸಲು ಪುಟ್ಟ ಲಿನಕ್ಸ್ ಬೋರ್ಡ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಅದು ದಿನಕ್ಕೆರಡು ಬಾರಿ ಸ್ತಬ್ಧವಾಗತೊಡಗಿತು. ಕರೆಂಟಿನ ಏರಿಳಿತವೆಂದುಕೊಂಡು ಹತ್ತು ದಿನ ಕಳೆದುಕೊಂಡೆ; ನೀವು ಕಳೆದುಕೊಳ್ಳಬೇಡಿ.

ಪ್ರೊಸೆಸರ್ ಯಾವ ವೇಗದಲ್ಲಿ ಓಡಬೇಕೆಂದು ನಿರ್ಧರಿಸುವ ಲಿನಕ್ಸ್ ಭಾಗವಾದ ಗವರ್ನರನ್ನು, ಸದಾ ಗರಿಷ್ಠ ವೇಗದಲ್ಲೇ ಇಡುವ ‘ಪರ್ಫಾರ್ಮೆನ್ಸ್’ಗೆ ಬದಲಿಸಿ ಒಂದು ದಿನ ಬಿಡಿ. ತೊಂದರೆ ನಿಂತರೆ ಅನುಮಾನ ಪ್ರೊಸೆಸರ್ ವೇಗ ಬದಲಿಸುವ ಭಾಗದ ಮೇಲೆಯೇ. ಬಳಿಕ ವೇಗವನ್ನು ನಾವೇ ಆರಿಸಬಹುದಾದ ‘ಯೂಸರ್‌ಸ್ಪೇಸ್’ ಗವರ್ನರ್ ಹಾಕಿ, ಒಂದೊಂದೇ ವೇಗದಲ್ಲಿ ನಿಲ್ಲಿಸಿ ನೋಡಿ. ನನ್ನ ಬೋರ್ಡ್ ಎಲ್ಲ ವೇಗಗಳಲ್ಲೂ ತಾಸುಗಟ್ಟಲೆ ಓಡಿತು; ಕೆಳಗಿನ ವೇಗದಿಂದ ಮೇಲಕ್ಕೆ ಜಿಗಿಸಿದಾಗ ಮಾತ್ರ ಬಿತ್ತು. ಸುಳಿವು ಸಿಕ್ಕಿದ್ದು ಅಲ್ಲೇ! ವೇಗ ಏರಿಸುವಾಗ ವೋಲ್ಟೇಜ್ ಮೊದಲು ಏರಬೇಕು, ಇಳಿಸುವಾಗ ವೇಗ ಮೊದಲು ಇಳಿಯಬೇಕು. ವೋಲ್ಟೇಜ್ ಏರುವ ದರವನ್ನು ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಯಂತ್ರಾಂಶದ ವಿವರವಿರುವ ಕಡತ) ನಿಜವಾದ ದರಕ್ಕಿಂತ ಹೆಚ್ಚು ಬರೆದಿದ್ದರು. ಹಾಗಾಗಿ ಲಿನಕ್ಸ್‌ನ ತಿರುಳಾದ ಕರ್ನಲ್ ಸಾಕಷ್ಟು ಕಾಯದೆ ವೇಗ ಏರಿಸುತ್ತಿತ್ತು. ಆ ಒಂದು ಅಂಕಿ ತಿದ್ದಿದೆ, ಸರಿಹೋಯಿತು.

ಬೋರ್ಡ್ ಸ್ತಬ್ಧವಾದಾಗ, ಅದು ಬರೆದಿಡುವ ದಾಖಲೆಯಾದ ಲಾಗ್‌ನ ಕೊನೆಯ ಸಾಲುಗಳು ಮೆಮೊರಿ ಕಾರ್ಡಿಗೆ ತಲುಪುವ ಮೊದಲೇ ಕಳೆದುಹೋಗುತ್ತವೆ. ಸೀರಿಯಲ್ ಕೇಬಲ್ ಜೋಡಿಸಿ ಇನ್ನೊಂದು ಕಂಪ್ಯೂಟರಿನಲ್ಲಿ ಓದಿಕೊಳ್ಳಿ. ‘ಪರ್ಫಾರ್ಮೆನ್ಸ್’ನಲ್ಲೂ ಬೋರ್ಡ್ ಬೀಳುತ್ತಿದ್ದರೆ ಕೆಲಸವಿಲ್ಲದಾಗ ಪ್ರೊಸೆಸರನ್ನು ನಿದ್ರೆಗೆ ಕಳಿಸುವ ‘ಸಿಪಿಯು ಐಡಲ್’ ನಿಲ್ಲಿಸಿ ಪರೀಕ್ಷಿಸಿ, ನಿದ್ರೆಯ ಸ್ಥಿತಿಗಳ ದೋಷವೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.