ಚಳಿಗಾಲದ ಮನೆಪಾಠ: ಮೊದಲು ಕೆರೆ, ಆಮೇಲೆ ಪುಸ್ತಕ

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೀರಾ? ಹಾಗಾದ್ರೆ ಮೈಸೂರಿನ ಡಿಸೆಂಬರ್, ಜನವರಿಯನ್ನು ದಯವಿಟ್ಟು ರೂಮಿನೊಳಗೆ ಕಳೆಯಬೇಡಿ. ಬಿಸಿಲು ಹಿತವಾಗಿರುತ್ತದೆ, ಮಳೆಯ ಕಾಟ ಕಡಿಮೆ, ಕೆರೆಗಳಲ್ಲಿ ಹಕ್ಕಿ ಜಾಸ್ತಿ. ಈ ಎರಡು ತಿಂಗಳು ಪಾಠದ ಕ್ರಮವನ್ನೇ ತಿರುಗಿಸಿ: ಮೊದಲು ಹೊರಗೆ ಹೋಗಿ ನೋಡುವುದು, ಆಮೇಲೆ ಕೈಯಲ್ಲಿ ಮಾಡುವುದು, ಪುಸ್ತಕ ಕೊನೆಗೆ.

ಶುರು ಮಾಡುವುದು ಕೆರೆ ದಂಡೆಯಿಂದ. ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ, ಹಾಗಾಗಿ ಮಕ್ಕಳನ್ನು ತೀರಾ ಬೇಗ ಎಬ್ಬಿಸಬೇಕಿಲ್ಲ. ಸ್ವೆಟರ್ ಹಾಕಿ, ಕಿವಿ ಮುಚ್ಚುವ ಟೋಪಿ ಹಾಕಿ, ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ಕರೆದುಕೊಂಡು ಹೋಗಿ. ದಿನಕ್ಕೆ ಒಂದೇ ಹಕ್ಕಿ ಸಾಕು. ಹತ್ತು ಹೆಸರು ಬಾಯಿಪಾಠ ಮಾಡಿಸುವ ಬದಲು ಒಂದು ನೀರುಕಾಗೆಯನ್ನು ಹತ್ತು ನಿಮಿಷ ನೋಡಲು ಬಿಡಿ. ಅದು ಮುಳುಗಿ ಮೀನು ಹಿಡಿದು, ಮೇಲೆ ಬಂದು, ಕೊಂಬೆ ಮೇಲೆ ಕೂತು ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ಬಾತುಕೋಳಿ ಯಾಕೆ ಹೀಗೆ ಮಾಡಲ್ಲ ಅಂತ ಮಕ್ಕಳನ್ನೇ ಕೇಳಿ. ನೀರುಕಾಗೆಯ ಗರಿ ನೀರು ಹಿಡಿಯುತ್ತದೆ, ಅದರಿಂದ ಆಳಕ್ಕೆ ಮುಳುಗುವುದು ಸಲೀಸು, ಆದರೆ ಆಮೇಲೆ ಒಣಗಿಸಲೇಬೇಕು.

ಅಲ್ಲೇ ಕೂತು ಚಿತ್ರ ಬರೆಯಲಿ. ಪೆನ್ಸಿಲ್ ಕೊಡಿ, ರಬ್ಬರ್ ಬೇಡ. ಕಣ್ಣು, ಕೊಕ್ಕು ಕೊನೆಗಿರಲಿ. ಮೊದಲು ಮೈಯ ಹೊರಗೆರೆ, ಆಮೇಲೆ ರೆಕ್ಕೆ ಮಡಚುವ ಜಾಗ. ನೀವು ತಿದ್ದಲು ಹೋಗಬೇಡಿ. ಗೆರೆ ಸೊಟ್ಟಗಿದ್ದರೂ ಅದು ಮಗು ಕಣ್ಣಾರೆ ನೋಡಿದ ಗೆರೆ.

ಮನೆಗೆ ಬಂದ ಮೇಲೆ ಗಣಿತ. ಧನುರ್ಮಾಸದಲ್ಲಿ ಬಾಗಿಲಿಗೆ ದೊಡ್ಡ ರಂಗೋಲಿ ಹಾಕುತ್ತೀವಿ, ಅಲ್ವಾ? ಅದರಲ್ಲೇ ಪಾಠ ಇದೆ. 7ರಿಂದ 1ಕ್ಕೆ ನೇರ ಚುಕ್ಕಿ ಇಡಿಸಿ: ನಡುವೆ 7, ಎರಡೂ ಕಡೆ 5, 3, 1. ಒಟ್ಟು 25 ಚುಕ್ಕಿ. ಈಗ ಮೇಲಿನಿಂದ ನಡುಸಾಲಿನ ತನಕ ಕೂಡಿಸಲು ಹೇಳಿ. 1, 3, 5, 7 ಸೇರಿದರೆ 16, ಅಂದರೆ ನಾಲ್ಕು ನಾಲ್ಕಲಿ. ಕೆಳಗೆ ಉಳಿದ 5, 3, 1 ಸೇರಿದರೆ 9, ಮೂರು ಮೂರಲಿ. ಬೆಸಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತಾ ಹೋದರೆ ವರ್ಗಸಂಖ್ಯೆ ಬರುತ್ತದೆ ಅನ್ನೋದನ್ನು ಮಗು ತಾನೇ ಕಂಡುಹಿಡಿಯಲಿ, ನೀವು ಮೊದಲೇ ಹೇಳಿಬಿಡಬೇಡಿ.

ಬಣ್ಣಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದೆ, ನಾವು ಆರತಿಗೆ ಮಾಡುವ ಓಕುಳಿ ಅದೇ. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋಗಿ, ತಿರುಗಿ ಹಳದಿಯಾಗುತ್ತದೆ. ಆಮ್ಲ, ಪ್ರತ್ಯಾಮ್ಲದ ಪಾಠ ಆಗಿಹೋಯ್ತು. ಸುಣ್ಣವನ್ನು ಮಾತ್ರ ದೊಡ್ಡವರೇ ಹಾಕಬೇಕು, ಕಣ್ಣಿಗೆ ತಾಗಿದರೆ ಅಪಾಯ.

ಮಧ್ಯಾಹ್ನ ಒಂದು ಮೀಟರ್ ಕೋಲನ್ನು ಅಂಗಳದಲ್ಲೋ ತಾರಸಿಯಲ್ಲೋ ನೆಟ್ಟಗೆ ನಿಲ್ಲಿಸಿ. ಡಿಸೆಂಬರ್ 21ರ ಸುಮಾರಿಗೆ, 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ, ನೆರಳು ಅಂದಾಜು 72 ಸೆಂಟಿಮೀಟರ್ ಇರುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಅಳೆಯಿರಿ. ಮಾರ್ಚ್ 21ಕ್ಕೆ ಅದು 22 ಸೆಂಟಿಮೀಟರ್‌ಗೆ ಇಳಿದಿರುತ್ತದೆ. ಭೂಮಿ ವಾಲಿರುವುದನ್ನು ಗ್ಲೋಬ್ ತೋರಿಸಿ ವಿವರಿಸಲು ಇದಕ್ಕಿಂತ ಒಳ್ಳೆ ಸಂದರ್ಭ ಸಿಗಲ್ಲ.

ಒಂದು ಭಾನುವಾರ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಗಲಾಟೆ ಮಾಡದೆ, ಊರಿನವರ ಹತ್ತಿರ ಮಕ್ಕಳೇ ಮಾತಾಡಿ ಬರೆದುಕೊಳ್ಳಲಿ.

"ಪರೀಕ್ಷೆ ಗತಿ ಏನು?" ಅಂತ ಅಜ್ಜಿ ತಾತ ಕೇಳೇ ಕೇಳುತ್ತಾರೆ. 14 ತುಂಬಿದ ಮೇಲೆ ಎನ್‌ಐಒಎಸ್ (ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಲು ಅವಕಾಶ ಕೊಡುವ ರಾಷ್ಟ್ರೀಯ ಮಂಡಳಿ) ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಅಲ್ಲಿಯ ತನಕ ಚಿತ್ರ, ಲೆಕ್ಕ, ನೆರಳಿನ ಅಳತೆ ಎಲ್ಲ ಒಂದೇ ನೋಟ್‌ಬುಕ್‌ನಲ್ಲಿರಲಿ, ಪ್ರತಿ ಪುಟಕ್ಕೂ ತಾರೀಖು ಹಾಕಿಸಿ.