ಹಳೇ ಬಿಯರ್ ಪೈಪ್, ಹೊಸ ಸ್ಪ್ರೇ ಪಂಪ್, ಚಿಟಿಕೆ ಅರಿಶಿನ

ಗೋವಾದ ಕಾಣಕೋಣದಲ್ಲಿ ಪರಿಚಯದವರೊಬ್ಬರು ಬೀಚ್ ಬದಿಯ ಅಂಗಡಿ ಮುಚ್ಚಿದಾಗ ಅವರ ಡ್ರಾಫ್ಟ್ ಬಿಯರ್ ಸಾಮಾನು ನನ್ನ ಪಾಲಿಗೆ ಬಂತು. 19 ಲೀಟರಿನ ಎರಡು ಸ್ಟೀಲ್ ಕೆಗ್ (ಬಿಯರ್ ತುಂಬುವ ಪೀಪಾಯಿ), ಒಂದು ನಲ್ಲಿ, 3 ಮೀಟರ್ ಪೈಪ್. ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಮುಚ್ಚಳ ತೆಗೆಸಿ ಮೂಸಿ ನೋಡಿದರು. ಖಾಲಿ. "ಇದ್ರಲ್ಲಿ ಏನ್ ಮಾಡ್ತೀರಿ?" ಅಂದರು. ಮುರುಗಲು (ಕೋಕಂ) ಸೋಡಾ ಅಂದೆ. ನಕ್ಕು ಬಿಟ್ಟರು.

ಆದರೆ ನಾನು ಹೇಳಿದ್ದು ನಿಜವೇ. ಕಾರವಾರದ ನಮ್ಮ ಮನೆಗೆ ಬೇಸಿಗೆಯಲ್ಲಿ ನೆಂಟರು ಜಾಸ್ತಿ. ಶಿರಸಿಯಿಂದ ತಂದ ಮುರುಗಲು ಸಿರಪ್ಪಿಗೆ ತಣ್ಣನೆ ನೀರು ಬೆರೆಸಿ, ಕೆಗ್ಗಿಗೆ ತುಂಬಿ, ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ಹಿಡಿಸಿದರೆ ನಲ್ಲಿ ತಿರುಗಿಸಿದಾಗೆಲ್ಲ ಸೋಡಾ. ಮೊದಲ ಸಲ ಪೈಪಿಗೆ ಸುಮ್ನೆ ಬಿಸಿನೀರು ಹಾಯಿಸಿ ಕೆಲಸ ಮುಗಿಯಿತು ಅಂದುಕೊಂಡೆ. ಸೋಡಾ ಕುಡಿದ ಭಾವ ಮುಖ ಸಿಂಡರಿಸಿದ. ನಾನೂ ಕುಡಿದು ನೋಡಿದೆ. ಮೊದಲು ಮುರುಗಲು, ಹಿಂದೆಯೇ ಹಳಸಿದ ಬೆಣ್ಣೆ, ಕೊನೆಗೆ ಒದ್ದೆ ಗೋಣಿಚೀಲ.

ಬಿಯರ್ ಹರಿದ ಪೈಪಿನಲ್ಲಿ ಯೀಸ್ಟು, ಬ್ಯಾಕ್ಟೀರಿಯಾ ಸೇರಿ ತೆಳ್ಳಗೆ ಲೋಳೆ ಕಟ್ಟುತ್ತದೆ. ಬೆಣ್ಣೆ ವಾಸನೆ, ವಿನೆಗರ್ ಹುಳಿ ಎಲ್ಲ ಅದರ ಪ್ರತಾಪ. ಲೋಳೆ ಬಿಸಿನೀರಿಗೆ ಬಗ್ಗುವುದಿಲ್ಲ. ಬಿಯರ್ ಮಾರುವವರು ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಸೋಡಾ (ಚರ್ಮ ಸುಡುವಷ್ಟು ಜೋರಾದ ಕ್ಷಾರ) ದ್ರಾವಣದಲ್ಲಿ ಪೈಪ್ ತೊಳೆಯಬೇಕು ಅನ್ನುವುದು ಆ ಕಸುಬಿನ ವಾಡಿಕೆ. ಅದಕ್ಕೆಂದೇ ಪಂಪ್ ಸಿಗುತ್ತದೆ, ಆದರೆ ಒಂದು ನಲ್ಲಿಗಾಗಿ ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಮೊದಲು ಮೀನಿನ ತೊಟ್ಟಿಯ ಪಂಪ್ ಕೂರಿಸಿ ನೋಡಿದೆ. ಪೈಪಿನ ಒಳಗಿನ ಅಗಲ ಬರೀ 5 ಮಿಲಿಮೀಟರ್. ಅಷ್ಟು ಸಪೂರದಲ್ಲಿ ಆ ಪಂಪಿಗೆ ಉಸಿರೇ ಇಲ್ಲ, ನೀರು ತೊಟ್ಟು ತೊಟ್ಟಾಗಿ ಬಂತು. ಆಗ ನೆನಪಾದದ್ದು ಗಿಡಕ್ಕೆ ಔಷಧಿ ಹೊಡೆಯುವ 5 ಲೀಟರಿನ ಕೈ ಪಂಪ್. ಇಲ್ಲೊಂದು ಮಾತು. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಹಳೇ ಪಂಪ್ ಮನೆಯಲ್ಲಿದೆ ಅಂತ ಅದನ್ನೇ ಎತ್ತಿಕೊಳ್ಳಬೇಡಿ. ಮೈಲುತುತ್ತ ತುಂಬಿದ್ದ ಡಬ್ಬಿ, ಬಾಯಿಗೆ ಹೋಗುವ ಪೈಪ್, ಎರಡೂ ದೂರ ದೂರ ಇರಲಿ. ನಾನು ಹೊಸದನ್ನೇ ಕೊಂಡೆ. ತುದಿಯ ಕೋಲು ಕತ್ತರಿಸಿ, ಕೆಗ್ಗಿನ ಕಡೆಯ ಪೈಪನ್ನು ಅಲ್ಲಿಗೆ ಸಿಕ್ಕಿಸಿ ಕ್ಲಾಂಪ್ ಬಿಗಿದೆ. ಸಾಧನ ಅಂದರೆ ಇಷ್ಟೇ.

ಪುಣ್ಯಕ್ಕೆ ಮೊದಲ ಪರೀಕ್ಷೆ ಬರೀ ನೀರಿನಲ್ಲಿ ಮಾಡಿದೆ. ಹತ್ತು ಸಲ ಪಂಪ್ ಹೊಡೆದದ್ದೇ ತಡ, ಪೈಪ್ ಕಿತ್ತುಕೊಂಡು ಹಾವಿನ ಹಾಗೆ ಎದ್ದು ನನ್ನ ಮುಖಕ್ಕೇ ಪಿಚಕಾರಿ. ಅದು ಕಾಸ್ಟಿಕ್ ಆಗಿದ್ದರೆ? ಅವತ್ತಿನಿಂದ ಎರಡು ಕ್ಲಾಂಪ್, ಕಣ್ಣಿಗೆ ಗಾಗಲ್, ಕೈಗೆ ಉದ್ದನೆ ರಬ್ಬರ್ ಗ್ಲೌಸ್. ಡಬ್ಬಿ ಬಿಚ್ಚುವ ಮೊದಲು ಒಳಗಿನ ಗಾಳಿ ಬಿಡುವುದು ಕಡ್ಡಾಯ.

ಕಾಸ್ಟಿಕ್ ಸೋಡಾ ಲೀಟರಿಗೆ 20 ಗ್ರಾಂ. ನೀರು ಸ್ನಾನದ ಬಿಸಿ, ಸುಮಾರು 40 ಡಿಗ್ರಿ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಇದು ಗೊತ್ತಿತ್ತು. ಗೊತ್ತಿಲ್ಲದ್ದು ಪಾತ್ರೆಯ ವಿಷಯ. ಆಯಿ ಹಾಲು ಕಾಯಿಸುವ ಅಲ್ಯುಮಿನಿಯಂ ಪಾತ್ರೆಯಲ್ಲಿ ಕಲಸಿದೆ. ಬುಸ್ಸೆಂದು ನೊರೆ ಬಂತು, ಪಾತ್ರೆ ಕಪ್ಪಾಯಿತು. ಅಲ್ಯುಮಿನಿಯಂ ಕಾಸ್ಟಿಕ್ ಸೇರಿದರೆ ಏಳುವುದು ಹೈಡ್ರೋಜನ್, ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಗ್ಯಾಸ್. ಒಲೆ ಪಕ್ಕದಲ್ಲೇ ಇತ್ತು! ಪಾತ್ರೆಯ ಬಗ್ಗೆ ಆಯಿ ಏನಂದಳು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಈಗ ಪ್ಲಾಸ್ಟಿಕ್ ಬಕೆಟ್ಟು, ಅದೂ ಅಂಗಳದಲ್ಲಿ.

3 ಮೀಟರ್ ಪೈಪಿನಲ್ಲಿ ಹಿಡಿಸುವುದು 60 ಮಿಲಿ ಅಷ್ಟೇ. ಹಾಗಾಗಿ ಒಂದು ಲೀಟರ್ ದ್ರಾವಣ ಧಾರಾಳ. ಸ್ವಲ್ಪ ಹಾಯಿಸಿ, ನಲ್ಲಿ ಮುಚ್ಚಿ, 20 ನಿಮಿಷ ಬಿಡುತ್ತೇನೆ. ನಡುವೆ ಎರಡು ಸಲ ಹೊಸದಾಗಿ ತಳ್ಳುತ್ತೇನೆ. ಸೋಡಾಕ್ಕೆ ಹಿಡಿಸುವ ಗ್ಯಾಸ್ ಸಿಲಿಂಡರಿನ ಒತ್ತಡದಲ್ಲಿ ಕಾಸ್ಟಿಕ್ ತಳ್ಳುವ ಯೋಚನೆ ಬೇಡ. ಆ ಗ್ಯಾಸ್ ಕಾಸ್ಟಿಕ್ಕನ್ನು ವಾಷಿಂಗ್ ಸೋಡಾ ಮಾಡಿಬಿಡುತ್ತದೆ, ಜೋರು ಹೋಗುತ್ತದೆ. ಪೈಪಿನಲ್ಲಿ ಮುರುಗಲು ಉಳಿದಿದ್ದರೆ ಮೊದಲು ಹೊರಬರುವ ನೀರು ನೋಡಬೇಕು. ಕೆಂಪು ಸೋಡಾ ಕೊಳಕು ಹಸಿರಾಗಿ ಬರುತ್ತದೆ. ಮೊದಲ ದಿನ ಹೆದರಿದ್ದೆ. ಅದು ಕೊಳೆಯಲ್ಲ, ಮುರುಗಲಿನ ಬಣ್ಣ ಕ್ಷಾರಕ್ಕೆ ತಿರುಗಿದ್ದು.

ಆಮೇಲೆ ತೊಳೆಯುವುದು. ಎಷ್ಟು ತೊಳೆದರೆ ಸಾಕು? ಇದೇ ನನ್ನನ್ನು ಕಾಡಿದ್ದು. ಕಾಸ್ಟಿಕ್ ಉಳಿದ ಸೋಡಾ ಮಕ್ಕಳಿಗೆ ಕೊಡಲಾದೀತೇ? ಉತ್ತರ ಸಿಕ್ಕಿದ್ದು ಆರತಿ ತಟ್ಟೆಯಲ್ಲಿ. ಅರಿಶಿನ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ವಾ? ಸುಣ್ಣ ಕ್ಷಾರ, ಕಾಸ್ಟಿಕ್ಕೂ ಕ್ಷಾರ. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ಕದಡಿ, ಟಿಶ್ಯೂ ಅದ್ದಿ ಒಣಗಿಸಿ, ಸಣ್ಣ ಚೂರು ಮಾಡಿ ಡಬ್ಬಿಯಲ್ಲಿಟ್ಟಿದ್ದೇನೆ. ನಲ್ಲಿಯಿಂದ ಬೀಳುವ ನೀರಿಗೆ ಒಂದು ಚೂರು ಹಿಡಿಯುವುದು. ಮೊದಲ ಲೀಟರಿಗೆ ಇಟ್ಟಿಗೆ ಕೆಂಪು. ಎರಡನೆಯದಕ್ಕೆ ಕಿತ್ತಳೆ ಛಾಯೆ. ಹಳದಿ ಹಳದಿಯಾಗಿಯೇ ಉಳಿದ ಮೇಲೂ ಎರಡು ಲೀಟರ್ ಹೆಚ್ಚು ಹರಿಸುತ್ತೇನೆ.

ಇಷ್ಟಾದರೂ ವಾಸನೆ ಪೂರ್ತಿ ಹೋಗಲಿಲ್ಲ. ನಲ್ಲಿ ಬಿಚ್ಚಿದಾಗ ಕಾರಣ ಕಂಡಿತು. ಬಾಯಿಯ ಒಳಗೆ, ವಾಷರಿನ ಹಿಂದೆ, ಕಾಡಿಗೆಯಂಥ ಕಪ್ಪು ಪದರ. ಬೆರಳಿಗೆ ಜಾರುತ್ತಿತ್ತು. ಹೊರಗಿನಿಂದ ಮಾತ್ರ ಫಳಫಳ. ಪೈಪಿಗಿಂತ ಕೊಳಕು ಜಾಗ ಅದು, ಯಾಕೆಂದರೆ ಅಲ್ಲಿ ಗಾಳಿಯೂ ತಾಗುತ್ತದೆ. ಹಲ್ಲಿನ ಸಂದಿಯ ಸಣ್ಣ ಬ್ರಷ್ಷಿನಲ್ಲಿ ಅರ್ಧ ಗಂಟೆ ಉಜ್ಜಿದೆ. ಲೋಹಕ್ಕೆ ಮರಳಿನಂತೆ ಕಚ್ಚಿದ್ದ ಬಿಯರ್ ಕಲ್ಲು (ಬಿಯರಿನಿಂದ ಕಟ್ಟುವ ಗಟ್ಟಿ ಪದರ) ಕಾಸ್ಟಿಕ್ಕಿಗೆ ಜಗ್ಗುವುದಿಲ್ಲ, ಅದಕ್ಕೆ ಹುಳಿ ಬೇಕು. ಕಾಸ್ಟಿಕ್ ಪೂರ್ತಿ ತೊಳೆದ ಮೇಲೆ, ಬೇರೆಯಾಗಿ, ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ರಾತ್ರಿ ನೆನೆಸಿದೆ. ಮುಕ್ಕಾಲು ಪಾಲು ಬಿಟ್ಟಿತು, ಉಳಿದದ್ದನ್ನು ಉಗುರಿನಲ್ಲಿ ಕೆರೆದೆ. ಬ್ಲೀಚಿಂಗ್ ನೀರನ್ನು ಮಾತ್ರ ಹುಳಿಯ ಹತ್ತಿರ ತರಲೇಬೇಡಿ, ಕ್ಲೋರಿನ್ ಏಳುತ್ತದೆ.

ಕೊನೆಗೂ ಆ ಪೈಪ್ ಎಸೆಯಬೇಕಾಯಿತು. ಮೆತ್ತನೆ ಪ್ಲಾಸ್ಟಿಕ್ ವಾಸನೆ ಹೀರಿಕೊಂಡಿರುತ್ತದೆ, ಯಾವ ದ್ರಾವಣವೂ ಅದನ್ನು ಹೊರಗೆಳೆಯುವುದಿಲ್ಲ. ಇದು ಮೊದಲೇ ಹೊಳೆದಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು. ಈಗ ಹೊಸ ಪೈಪಿಗೆ ಎರಡು ವಾರಕ್ಕೊಮ್ಮೆ ಕಾಸ್ಟಿಕ್. ಮೇ ತಿಂಗಳ ಸೆಕೆಯಲ್ಲಿ ವಾರಕ್ಕೊಮ್ಮೆ, ಸಕ್ಕರೆ ನೀರು ಬೇಗ ಹುಳಿಯುತ್ತದೆ. ನಲ್ಲಿಯನ್ನಂತೂ ಪ್ರತಿ ಸಲ ಬಿಚ್ಚುತ್ತೇನೆ.

ಹಳೇ ಪೈಪನ್ನು ಹಿತ್ತಲಿನ ಕಟ್ಟೆ ಕಟ್ಟಲು ಬಂದ ಗಾರೆಯವನು ಲೆವೆಲ್ ನೋಡಲು ಕೇಳಿ ಒಯ್ದ. ಬಾಯಲ್ಲಿ ನೀರೆಳೆದವನು ಅಲ್ಲೇ ಉಗಿದು, "ಮಾರಾಯ್ರೆ, ಇದ್ರಲ್ಲಿ ಮೊದ್ಲು ಏನಿತ್ತು?" ಅಂದ.